ಕರೀ ಕಿಟಕಿ ತಿಳಿ ಮಾಡಿದ ಏಕನಾಥ

ಭಾಲ್ಕಿ ಬಸ್‌ಸ್ಟ್ಯಾಂಡ್ ಹಿಂದ ನಂದು ಬ್ಯಾಟರಿ ಅಂಗಡಿ ಅದರಿ. ಮಕ್ಸೂದ ಅಂದ್ರ ಯಾರರೆ ತೋರಿಸ್ತಾರ. ನಾನು ಸುಲಭಕ್ಕ ಯಾರನ್ನೂ ಹೊಗಳೋ ಮನಷ್ಯಾ ಅಲ್ಲ, ನಿಮ್ಮ ಬಾಯಿ ಭಾಳ ಖಾರ ಅಂತ ನನ್ನ ಹೇಣ್ತೀನೂ ಅಂತಾಳ. ಆದ್ರ ಏಕನಾಥನ ಮಾತು ಬಂದ್ರ ನಾನು ಸುಮ್ನ ಕೂಡಂಗಿಲ್ರಿ.

ಏಕನಾಥ ಭಾತಂಬ್ರಾದಾಂವ. ಎಪ್ಪತ್ತೆರಡರ ಬರಗಾಲದಾಗ ಅವರವ್ವ ಶೇವಂತಾಬಾಯಿ ಇವನ್ನ ಬಗಲಾಗ ಕಟ್ಕೊಂಡು ಪುಣೆಕ್ಕ ಕಲ್ಲು ಒಡೀಲಾಕ ಹೋದಾಕಿ. ಇಂವ ಸಾಲಿ ಮಾರಿ ನೋಡೂದ್ರಾಗ ಮೀಸಿ ಚಿಗುರಿದ್ವು. ಮುಂದ ಅಲ್ಲೇ ಒಂದು ಕಂಪ್ಯೂಟರ್ ಕ್ಲಾಸಿನಾಗ ಕಸಾ ಹೊಡೀತ ಹೊಡೀತ ವಿದ್ಯಾ ಕಲ್ತ. ತಿರುಗಿ ಬಂದು, ಭಾಲ್ಕಿ ಬುದ್ಧವಿಹಾರದ ಬಾಜೂಕಿನ ಖೋಲಿಯಾಗ, ಯಾವ್ದೋ ಕಂಪನಿ ಬಿಸಾಡಿದ ಹಳೀ ಡಬ್ಬಾ ಕಂಪ್ಯೂಟರ್ ಜೋಡಿಸಿ, ಪುಕ್ಕಟ ಸಿಗೋ ಲಿನಕ್ಸ್ ಅನ್ನೋ ಪ್ರೋಗ್ರಾಂ ಹಾಕಿ, ಬಂದವರಿಗೆಲ್ಲಾ ಕಲಸ್ಲಾಕ ಕುಂತ. ಅಲ್ಲಿ ಬ್ಯಾಟರಿ ನಂದ. ಕರೆಂಟ್ ಹೋದಾಗೆಲ್ಲಾ ನನ್ನ ಬೈಲಾಕರೆ ಬರ್ತಿದ್ದ.

ಎರಡು ಸಾವಿರದ ಹದಿನಾರರ ಬ್ಯಾಸಿಗಿ. ಮಾಂಜ್ರಾ ಹೊಳಿ ಬತ್ತಿ ಬರೇ ಉಸುಕು ಹಾರ್ತಿತ್ತು. ಸಾಯಗಾಂವದ ಗಂಗುಬಾಯಿ ಆಗ ಕಲೀಲಾಕ ಬಂದಳು. ಆಕಿ ಗಂಡ ಧೊಂಡಿಬಾ ಕುರಿ ಹೊಡಕೊಂಡು, ನೀರು ಹುಡುಕ್ತ ತೆಲಂಗಾಣದ ಕಡಿ ಹೋಗಿದ್ದ. ಆಕಿ ತವರೂರು ಔರಾದ. ಅಲ್ಲಿ ಒಂದು ತೊಗರಿ ಗೋದಾಮಿಗಿ ಕಂಪ್ಯೂಟರ್ ಮ್ಯಾಲ ಮಾಲಿನ ಲೆಕ್ಕ ಇಡೋರು ಬೇಕಾಗಿದ್ರು, ಪರೀಕ್ಷಾ ಬೀದರದಾಗ. ಕೆಲಸ ಸಿಕ್ರ ಮಗಳು ಔರಾದ ಸಾಲಿಗಿ. ಸಿಗದಿದ್ರ ತಾಯಿ ಮಗಳು ಇಬ್ಬರೂ ಹೈದರಾಬಾದಿಗಿ, ಇಟ್ಟಂಗಿ ಹೊರ್ಲಾಕ. ಊರಿನ ಕೂಲಿ ಮಂದಿ ಟೋಳಿ ಹೊಂಡೋ ದಿನಾನೂ ಗೊತ್ತಾಗಿತ್ತು.

ತಕ್ಲೀಫ್ ಏನಂದ್ರ, ಆ ಗೋದಾಮಿನ ಕೆಲಸ ಎಲ್ಲಾ ನಡಿಯೋದು ಟರ್ಮಿನಲ್‌ನಾಗ. ಅದೊಂದು ಕರೀ ಕಿಟಕಿರಿ. ಚಿತ್ರ ಇಲ್ಲ, ಒತ್ತಲಾಕ ಗುಂಡಿ ಇಲ್ಲ, ಬರೇ ಅಕ್ಷರದಾಗ ಹುಕುಂ ಬರೀಬೇಕು. ಗಂಗುಬಾಯಿ ತೊಗರಿ ಚೀಲದ ಲೆಕ್ಕ ಚಂದಾಗಿ ಹಾಕಿದ್ಳು. ಅದರ ಮ್ಯಾಲ ಕರೀ ಕಿಟಕಿ ತೆರೀತು, ಲೆಕ್ಕ ಮುಚ್ಚಿಹೋತು. ಎಲ್ಲಾ ಅಳಿಸಿಹೋತು ಅಂತ ಹೆದರಿ ಆಕಿ ಎಲ್ಲಾದಕ್ಕೂ ಕರೆಂಟ್ ಕೊಡೋ ವೈರ್ ಕಿತ್ತೇ ಬಿಟ್ಳು. ಖೋಲಿಯಾಗಿನ ಎಲ್ಲಾ ಡಬ್ಬಾ ಬಂದ್. ನಾನಾಗಿದ್ರ ಬೈತಿದ್ದೆ. ಏಕನಾಥ ವೈರ್ ತಿರುಗಿ ಚುಚ್ಚಿ, ಲೆಕ್ಕ ಕಿಟಕಿ ಹಿಂದ ಇರ್ತದ ಬಾಯಿ, ಎಲ್ಲೂ ಹೋಗಂಗಿಲ್ಲ ಅಂದ. ಮರುದಿನ ಮತ್ತ ಕಿತ್ತಳು.

ಆಗ ಇಂವ ಆ ಕಿಟಕೀನ ಆರಪಾರ ಕಾಣೂ ಹಂಗ ಮಾಡ್ತೇನಿ ಅಂದ. ಶೋಕಿ ಬಿಡಪಾ, ಅದೆಲ್ಲಾ ಹುಡುಗೂರು ಫೋಟೋ ಹೊಡದು ತೋರಿಸ್ಲಾಕ ಮಾಡೋದು ಅಂತ ನಾನು ನಕ್ಕೆ. ಅಂವ ಸೆಟ್ಟಿಂಗ್‌ನಾಗ ಹೋಗಿ, ಹಿಂದ ಮುಂದ ಸರಿಯೋ ಒಂದು ಗೀಟು ಜಗ್ಗಿದ, ಕಪ್ಪು ತೆಳ್ಳಗಾತು. ಖರೆ, ಹಿಂದ ಕಂಡಿದ್ದು ಆಕಿ ಲೆಕ್ಕ ಅಲ್ಲ, ಪರದೆ ಮ್ಯಾಲಿದ್ದ ಬುದ್ಧನ ಫೋಟೋ. ಗಂಗುಬಾಯಿ ಕೈ ಹಿಂದಕ್ಕ ತಕೊಂಡು ಮುಗದ್ಳು. ದೇವರಂಥವರ ಮಾರಿ ಮ್ಯಾಲ ಅಕ್ಷರ ಹೊಡಿಯಂಗಿಲ್ಲಂತ. ತಗೋರಿ, ಮೊದಲಿನ ಫಜೀತಿಗಿ ಇದೊಂದು ಕೂಡ್ತು.

ಹಿಂದಿನ ಕಿಟಕೀನೂ ಕಾಣಬೇಕಂದ್ರ ಎರಡನ್ನೂ ಕೂಡಿಸಿ ತೋರಿಸೋ ಇನ್ನೊಂದು ಸಣ್ಣ ಪ್ರೋಗ್ರಾಂ ನಡೀಬೇಕಂತ. ಅದನ್ನೂ ಹಾಕಿದ. ಆಕಿ ಡಬ್ಬಾ ಮುದುಕ ಆಗಿತ್ತು, ಏದುಸಿರು ಬಿಡ್ಲಾಕ ಹತ್ತಿತು. ಮೆಮೊರಿ ಸಾಲವಲ್ದು. ಏಕನಾಥ ತನ್ನ ಕಂಪ್ಯೂಟರ್ ಬಿಚ್ಚಿ, ಅದರಾಗಿನ ಎರಡು ಮೆಮೊರಿ ಪಟ್ಟಿಯಾಗ ಒಂದು ತೆಗದು ಆಕಿದಕ್ಕ ಕೂಡ್ಸಿದ. ಅವತ್ತಿನಿಂದ ಅವನ ಕಂಪ್ಯೂಟರ್ ಶುರು ಆಗೂದ್ರಾಗ ನಾನು ಚಾ ಕುಡದು ಬರ್ತಿದ್ದೆ. ಅವಗ ಅದರ ಫಿಕರ್ ಇಲ್ಲ. ಗಂಗುಬಾಯಿಗಿ ಅಕ್ಷರದ ಹಿಂದ ತನ್ನ ತೊಗರಿ ಲೆಕ್ಕ ಕಾಣ್ಲಾಕ ಹತ್ತಿತು, ವೈರಿನ ಕಡಿ ಕೈ ಹೋಗೋದು ನಿಂತಿತು.

ಆದ್ರ ಬೀದರದ ಪರೀಕ್ಷಾದಾಗ ಕಿಟಕಿ ಕರ್ರಗ ಇರ್ತದಲ್ಲ, ಆಗ ಹ್ಯಾಂಗ ಅಂತ ಕೇಳ್ದೆ. ಏಕನಾಥ ದನಿ ಇಳಿಸಿ ಹೇಳ್ದ: ದಿನಾ ಆಕಿ ಬರೂಕಿಂತ ಮೊದಲ ಆ ಗೀಟು ಒಂದು ಚೂರು ಹಿಂದಕ್ಕ ಸರಿಸ್ತೇನಿ, ದಿನಾ ಒಂದಿಷ್ಟು ಕಪ್ಪು ಹೆಚ್ಚಾಗ್ತದ, ಕಡೀಕ ಏನೂ ಕಾಣದಂಗ ಆಗ್ತದ, ಆಕಿಗಿ ಹೇಳಬ್ಯಾಡ. ಎಂಥಾ ತಲಿ ನೋಡ್ರಿ ಅಂವಂದು.

ಪರೀಕ್ಷಾ ದಿನ ಮೂವರೂ ಬೀದರಕ್ಕ ಹೋದ್ವಿ. ಆಕಿ ಒಳಗ, ನಾವು ಹೊರಗ ಬೇವಿನ ನೆಳ್ಳಾಗ. ಏಕನಾಥನ ಚಾ ಕೈಯಾಗೇ ಆರಿಹೋತು. ನಮ್ಮವ್ವಗ ಪುಣೆ ಬಿಟ್ರ ಬ್ಯಾರೆ ದಾರಿ ಇರಲಿಲ್ಲ, ಈಕಿ ಮಗಳಿಗಿ ಒಂದು ದಾರಿ ಇತ್ತು, ನಾನು ಮೋಸ ಮಾಡಿ ಅದನ್ನ ಕೆಡಿಸಿದ್ನೇನೋ ಅಂದ. ಇಷ್ಟು ಖಾರದ ಬಾಯಿ ನಂದು, ಆದ್ರ ಅವನ ಆರಿದ ಚಾ ಚೆಲ್ಲಿ ಬಿಸಿದು ತಂದು ಕೊಟ್ಟೆ.

ಗಂಗುಬಾಯಿ ಹೊರಗ ಬಂದಳು. ಸೋಮವಾರದಿಂದ ಬಾ ಅಂದಾರ ಅಂತ ಹೇಳ್ದಳು. ಖುಷಿ ಪಡೋದು ಬಿಟ್ಟು ಈ ಮನಷ್ಯಾ ಕೈ ಮುಗದು ನಿಂತ.

"ಬಾಯಿ, ನಿಮಗ ಹೇಳದೇ, ದಿನಾ ಕಿಟಕಿ ಕಪ್ಪು ಮಾಡ್ಕೋತ ಬಂದಿದ್ದೆ. ಮಾಫ್ ಮಾಡ್ರಿ."

ಆಕಿ ಸೆರಗು ಸರಿ ಮಾಡ್ಕೊಂಡು ಅಂದಳು, "ಗೊತ್ತಿತ್ರಿ ಮಾಸ್ತರ. ಮರೀಗಿ ಹಾಲು ಬಿಡಸೂಮುಂದ ನಾವೂ ಹಂಗೇ ಮಾಡ್ತೇವಿ, ದಿನಾ ಒಂದು ಗುಟುಕು ಕಮ್ಮಿ. ನನಗ ತಿಳದದ ಅಂತ ಗೊತ್ತಾದ್ರ ನೀವು ನಿಲ್ಲಿಸ್ತಿದ್ರಿ. ಅದಕ್ಕ ಸುಮ್ನಿದ್ದೆ."

ಏಕನಾಥ ಕಣ್ಣು ಒರಸ್ಕೊಂಡ. ನನ್ನ ಕಣ್ಣಾಗೂ ನೀರು ಬಂತು, ಸುಳ್ಳು ಯಾಕ ಹೇಳ್ಲಿ. ಆಕಿ ಔರಾದ ಬಸ್ ಎಲ್ಲಿ ನಿಲ್ತದ ಅಂತ ಕೇಳಿ, ಮಗಳ ಹೆಸರು ಸಾಲಿಗಿ ಹಚ್ಚಿ ಬರ್ತೇನಿ ಅಂತ ಸರಸರ ನಡೆದಳು.