ಪುಡಿಕೆಯಾದ ಒಂಬತ್ತನೇ ಹಾಳೆ

ಉದ್ದುದ್ದ ಪತ್ರ ಬರೆಯುವ ಚಟ ನನಗೆ ಮೊದಲಿನಿಂದಲೂ ಇತ್ತು. ಎಂಬತ್ತರ ದಶಕದಲ್ಲಿ ಜೇವರ್ಗಿಯಲ್ಲಿ ಕೃಷಿ ಅಧಿಕಾರಿಯಾಗಿ ಕೂತ ಮೇಲೆ ಆ ಚಟಕ್ಕೆ ಒಂದು ಮೇಜು, ಕುರ್ಚಿ, ಸುತ್ತೋಲೆಯ ಹೆಸರು ಎಲ್ಲವೂ ಸಿಕ್ಕವು. ಹಳ್ಳಿ ತಿರುಗಿ ರೈತರಿಗೆ ಬೆಳೆಯ ವಿಷಯ ತಿಳಿಸುವ ಗ್ರಾಮ ಸೇವಕರಿಗೆ ನಾನು ಸೂಚನೆ ಕಳಿಸಬೇಕಿತ್ತು. ಬೇರೆಯವರಾದರೆ ಅರ್ಧ ಪುಟದಲ್ಲಿ ಮುಗಿಸುತ್ತಿದ್ದರು. ನಾನು ಉಲ್ಲೇಖ, ಪೀಠಿಕೆ, ಹಿಂದಿನ ವರ್ಷದ ಅನುಭವ, ಅದರ ಕೆಳಗೆ ಕಂಡಿಕೆ, ಉಪಕಂಡಿಕೆ ಎಂದು ನಾಲ್ಕೈದು ಹಾಳೆ ತುಂಬಿಸುತ್ತಿದ್ದೆ. ಓದಿದವರು ಭಲೇ ಅನ್ನಲಿ ಎಂಬ ಆಸೆ ಒಳಗೊಳಗೇ ಇತ್ತು. ಯಾರೂ ಅನ್ನಲಿಲ್ಲ. ಅನ್ನಬೇಕಾದರೆ ಮೊದಲು ಓದಬೇಕಲ್ಲ!

ಕಚೇರಿಯ ಪದ್ಧತಿಯೇ ಹಾಗಿತ್ತು. ಸೋಮವಾರದ ಸಭೆಗೆ ಬಂದ ಗ್ರಾಮ ಸೇವಕರು ಸುತ್ತೋಲೆಯ ಪ್ರತಿ ತೆಗೆದುಕೊಂಡು, ದಪ್ಪ ರಿಜಿಸ್ಟರಿನಲ್ಲಿ ‘ನೋಡಿದೆ’ ಎಂದು ಬರೆದು ಸಹಿ ಹಾಕಬೇಕು. ಒಂದು ಕೈಯಲ್ಲಿ ಚಹದ ಕಪ್ಪು, ಇನ್ನೊಂದು ಕೈಯಲ್ಲಿ ಪೆನ್ನು. ಚಹ ಆರುವುದರೊಳಗೆ ಎಲ್ಲರ ಸಹಿಯೂ ಆಗಿರುತ್ತಿತ್ತು. ಅದನ್ನು ನೋಡಿ ನನಗೆ ಮೈಯೆಲ್ಲ ಉರಿಯುತ್ತಿತ್ತು.

ಯಡ್ರಾಮಿ ಕಡೆಯ ಗ್ರಾಮ ಸೇವಕರೊಬ್ಬರು ನನಗಿಂತ ಹದಿನೈದು ವರ್ಷ ದೊಡ್ಡವರು. ಧೋತರ, ಬಿಳಿ ಟೊಪ್ಪಿಗೆ, ಹೆಗಲಿಗೆ ಸದಾ ಒಂದು ಚೀಲ. ಒಂದು ಚಳಿಗಾಲದಲ್ಲಿ ಅವರು ಚೀಲದಿಂದ ಕಾಗದದ ಒಂದು ಪುಡಿಕೆ ತೆಗೆದು ನನ್ನ ಮೇಜಿನ ಮೇಲೆ ಬಿಚ್ಚಿದರು. ತೂತು ಬಿದ್ದ ತೊಗರಿಕಾಯಿ, ಅವುಗಳ ನಡುವೆ ಕೊಬ್ಬಿದ ನಾಲ್ಕು ಹಸಿರು ಹುಳು.

“ಸಾಹೇಬ್ರ, ತೊಗರಿಗೆ ಹುಳ ಬಿದ್ದಾವ್ರಿ. ಏನ್ ಮಾಡಬೇಕ್ರಿ?”

ನಾನು ಹುಳು ನೋಡಲಿಲ್ಲ, ಕಾಗದ ನೋಡಿದೆ. ಅದು ನನ್ನದೇ ಸುತ್ತೋಲೆಯ ಮೂರನೇ ಹಾಳೆ! ‘ಗಿಡದ ಬುಡಕ್ಕೆ ಬಟ್ಟೆ ಹಾಸಿ, ಗಿಡ ಜಾಡಿಸಿ, ಉದುರಿದ ಹುಳುಗಳನ್ನು ಆಯ್ದು ನಾಶಪಡಿಸತಕ್ಕದ್ದು’ ಎಂಬ ನನ್ನ ಮಾತಿನ ಮೇಲೇ ಒಂದು ಹುಳು ಆರಾಮಾಗಿ ಹರಿದಾಡುತ್ತಿತ್ತು.

“ಉತ್ತರ ಹುಳದ ಕೆಳಗೇ ಅದ ನೋಡ್ರಿ, ಯಜಮಾನ್ರ! ನಾ ಬರದದ್ದು ಓದೂದೇ ಇಲ್ಲೇನ್ರಿ?” ಎಂದು ರೇಗಿದೆ.

ಅವರು ಬೆರಳಿನಿಂದ ಹುಳು ಸರಿಸಿ ಓದಿದರು. “ಇಷ್ಟೇ ಏನ್ರಿ? ಇದನ್ನ ಮೊದಲನೇ ಹಾಳಿ ಮ್ಯಾಲ ಬರದಿದ್ರ ಓದತಿದ್ನಲ್ರಿ. ಅಷ್ಟುದ್ದ ಪತ್ರ ನನ್ನ ಕೈಲಿ ಆಗೂದಿಲ್ರಿ. ಆದ್ರ ಪುಡಿಕಿ ಕಟ್ಟಿದ ಹಾಳಿ ಒಂದೂ ಬಿಡೂದಿಲ್ಲ, ಬಸ್ಸಿನ್ಯಾಗ ಕುಂತು ಓದಿಬಿಡತೇನಿ. ಇದರ ಬರಹ ಒಳಗ ಹೋಗಿತ್ತು, ಅದಕ್ಕ ತಪ್ಪಿತ್ರಿ.”

ನಗು ಬಂತು, ಸಿಟ್ಟೂ ಬಂತು. ಆದರೆ ಬುದ್ಧಿ ಮಾತ್ರ ಬರಲಿಲ್ಲ. ಮುಂದಿನ ಸುತ್ತೋಲೆ ಐದು ಹಾಳೆಯದಾಯಿತು.

ಮನೆಯಲ್ಲೂ ಇದೇ ಕಥೆ. ಹೆಂಡತಿ ಆಳಂದದಲ್ಲಿ ಶಾಲೆಯ ಶಿಕ್ಷಕಿ. ನಾನು ಶನಿವಾರ ಮಧ್ಯಾಹ್ನ ಜೇವರ್ಗಿ ಬಿಟ್ಟು, ಗುಲ್ಬರ್ಗಾದಲ್ಲಿ ಬಸ್ಸು ಬದಲಿಸಿ ಆಳಂದ ಸೇರುತ್ತಿದ್ದೆ. ಸೋಮವಾರ ಬೆಳಗಿನ ಮೊದಲ ಬಸ್ಸಿಗೆ ವಾಪಸು. ನಡುವೆ ಮನಸ್ಸು ತಡೆಯದೆ ಎಂಟು ಪುಟದ ಪತ್ರ ಬರೆಯುತ್ತಿದ್ದೆ. ಅವಳ ಉತ್ತರ ಒಂದು ಕಾರ್ಡಿನಲ್ಲಿ ಎರಡು ಸಾಲು: ‘ಮೂರರ ಬಸ್ಸಿಗೆ ಬರುವಿರಿ ಎಂದು ತಿಳಿಯಿತು. ಊಟ ಇಟ್ಟಿರುತ್ತೇನೆ.’ ಮೂರು ವರ್ಷದ ಮಗಳು ನನ್ನನ್ನು ‘ಶನಿವಾರದ ಕಾಕಾ’ ಎಂದು ಕರೆಯುತ್ತಿದ್ದಳು. ನೆರೆಹೊರೆಯವರು ನಗುತ್ತಿದ್ದರು, ನಾನೂ ನಗುತ್ತಿದ್ದೆ. ಬಸ್ಸಿನಲ್ಲಿ ಒಬ್ಬನೇ ಕೂತಾಗ ಆ ಮಾತು ನೆನಪಾದರೆ ನಗು ಬರುತ್ತಿರಲಿಲ್ಲ.

ಆಳಂದಕ್ಕೆ ವರ್ಗ ಕೇಳಿ ಜಿಲ್ಲಾ ಕಚೇರಿಗೆ ಅರ್ಜಿ ಹಾಕಿದೆ. ಏಳು ಹಾಳೆ! ಎರಡು ವರ್ಷ ಎರಡು ಸಲ ಕಳಿಸಿದರೂ ಸುದ್ದಿಯಿಲ್ಲ. ಮೂರನೇ ಸಲ ಹೆಂಡತಿ ಪೆನ್ನು ಕಸಿದುಕೊಂಡು ನಾಲ್ಕೇ ಸಾಲು ಬರೆದು, “ಸಹಿ ಮಾಡ್ರಿ, ಒಂದಕ್ಷರ ಸೇರಿಸಬ್ಯಾಡ್ರಿ” ಎಂದಳು.

ಆ ಬೇಸಿಗೆಯಲ್ಲಿ ಜಿಲ್ಲಾ ಕಚೇರಿಯಿಂದ ಒಂಬತ್ತು ಹಾಳೆಯ ಸುತ್ತೋಲೆ ಬಂತು. ಹೊಸದಾಗಿ ಬಂದ ಮೇಲಧಿಕಾರಿ ನನಗಿಂತ ಒಂದು ಕೈ ಮೇಲು, ಊರ ವಿಷಯವನ್ನೆಲ್ಲ ಒಂದೇ ಪತ್ರಕ್ಕೆ ತುರುಕುವ ಅಭ್ಯಾಸದವರು. ವಿಷಯ: ‘ಮುಂಗಾರು ಹಂಗಾಮಿನ ಪೂರ್ವಸಿದ್ಧತೆ ಹಾಗೂ ಇತರೆ.’ ಬೀಜ, ಗೊಬ್ಬರ, ಗೋದಾಮು ಎಂದು ಮೊದಲ ಹಾಳೆ ಅರ್ಧ ಓದುವುದರಲ್ಲಿ ಆಕಳಿಕೆ ಬಂತು. ಎಷ್ಟು ಕೊರೆಯುತ್ತಾನಪ್ಪ ಈ ಮನುಷ್ಯ ಎಂದು ಮನಸಾರೆ ಬೈದೆ. ರಿಜಿಸ್ಟರಿನಲ್ಲಿ ದೊಡ್ಡ ಅಕ್ಷರದಲ್ಲಿ ‘ನೋಡಿದೆ’ ಎಂದು ಬರೆದು ಸಹಿ ಹಾಕಿ, ಪ್ರತಿಗಳನ್ನು ಎಲ್ಲರಿಗೂ ಹಂಚಿದೆ.

ಸುತ್ತೋಲೆ ಬಂದು ಎರಡು ವಾರವಾಗಿತ್ತು. ಒಂದು ಬುಧವಾರ, ಸಭೆಯ ದಿನವಲ್ಲದಿದ್ದರೂ, ಯಡ್ರಾಮಿಯ ಆ ಗ್ರಾಮ ಸೇವಕರು ಬೆವರು ಒರೆಸಿಕೊಳ್ಳುತ್ತ ಬಂದರು. ಸಜ್ಜೆ ಬೀಜದ ಪುಡಿಕೆಯೊಂದನ್ನು ಮುಂದಿಟ್ಟು, “ಬೀಜ ಆಮ್ಯಾಲ ನೋಡ್ರಿ ಸಾಹೇಬ್ರ, ಪುಡಿಕಿ ಹಾಳಿ ಮೊದಲ ಓದ್ರಿ” ಎಂದರು.

ಅದೇ ಸುತ್ತೋಲೆಯ ಒಂಬತ್ತನೇ ಹಾಳೆ, ಕೊನೆಯ ಕಂಡಿಕೆ. ಜೇವರ್ಗಿಯ ಕೃಷಿ ಅಧಿಕಾರಿಯನ್ನು ಅವರ ಕೋರಿಕೆಯಂತೆ ಆಳಂದಕ್ಕೆ ವರ್ಗಾಯಿಸಲಾಗಿದೆ. ಈ ಪತ್ರ ತಲುಪಿದ ಹದಿನೈದು ದಿನದೊಳಗೆ ಹಾಜರಾಗದಿದ್ದರೆ ಆದೇಶ ರದ್ದಾಗುವುದು. ಬೆರಳು ಮಡಿಚಿ ಎಣಿಸಿದೆ. ನಾಳೆಯೇ ಕೊನೆಯ ದಿನ.

“ನಿನ್ನಿ ಬಸ್ಸಿನ್ಯಾಗ ಓದಿದ್ನಿರಿ. ಸಾಹೇಬ್ರಿಗೆ ಗೊತ್ತೇ ಇರತದ ಅಂತ ಸುಮ್ನಿದ್ದೆ. ಆಮ್ಯಾಲ ನೀವೂ ನಮ್ಮಂಗೇ ‘ನೋಡಿದೆ’ ಅಂತ ಬರದೀರೇನೋ ಅಂತ ಅನುಮಾನ ಬಂತ್ರಿ” ಎಂದು ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು. ನನಗೆ ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ. ಅವರನ್ನು ತಬ್ಬಿಕೊಳ್ಳಬೇಕೆಂದೂ ಅನ್ನಿಸಿತು, ತಬ್ಬಿಕೊಂಡೆ. ಟೊಪ್ಪಿಗೆ ಕೆಳಗೆ ಬಿತ್ತು.

ಉದ್ದ ಪತ್ರ ಬರೆಯುವವನು ತನ್ನ ಸಮಾಧಾನಕ್ಕೆ ಬರೆಯುತ್ತಾನೆ ಎಂಬುದು ಅವತ್ತು ನನಗೆ ತಿಳಿಯಿತು. ಓದುವವನಿಗೆ ಬೇಕಾದ ಒಂದು ಸಾಲನ್ನು ಅವನು ಎಲ್ಲೋ ಹೂತಿಟ್ಟಿರುತ್ತಾನೆ. ನಾನೂ ಅಷ್ಟು ವರ್ಷ ಅದನ್ನೇ ಮಾಡಿದ್ದೆ.

ಸಂಜೆಯೊಳಗೆ ಅಧಿಕಾರ ವಹಿಸಿಕೊಡುವ ಪತ್ರ ಬರೆಯಬೇಕಿತ್ತು. ನನ್ನ ಕೈ ಎರಡನೇ ಹಾಳೆಗೆ ಹೋದಾಗ ಅದೇ ಗ್ರಾಮ ಸೇವಕರು, “ಸಾಕ್ರಿ, ಸಹಿ ಮಾಡ್ರಿ” ಎಂದು ಹಾಳೆ ಎಳೆದುಕೊಂಡರು.

ಗುರುವಾರ ಮಧ್ಯಾಹ್ನದೊಳಗೆ ಆಳಂದದಲ್ಲಿ ಹಾಜರಾಗಿ, ಸಂಜೆ ಮನೆಗೆ ಹೋದೆ. ಕಥೆ ಕೇಳಿ ಹೆಂಡತಿ ನಕ್ಕೂ ನಕ್ಕು ಕಣ್ಣೊರೆಸಿಕೊಂಡಳು. “ಕಡೀ ಹಾಳಿ ಮೊದಲ ಓದಬೇಕ್ರಿ. ಮದುವ್ಯಾದಾಗಿಂದ ನಿಮ್ಮ ಪತ್ರ ಹಂಗೇ ಓದಾಕತ್ತೇನಿ” ಎಂದಳು. ಆ ಎಂಟೆಂಟು ಪುಟ ನೆನೆದು ಸ್ವಲ್ಪ ನೋವಾಯಿತು, ಸುಳ್ಳು ಯಾಕೆ ಹೇಳಲಿ. ಆಳಂದದಲ್ಲಿ ಮಾತ್ರ ನಾನು ಒಂದು ಹಾಳೆ ದಾಟಿದ ಸುತ್ತೋಲೆ ಬರೆಯಲಿಲ್ಲ.

ಸೋಮವಾರ ಬೆಳಿಗ್ಗೆ ಗುಲ್ಬರ್ಗಾದ ಮೊದಲ ಬಸ್ಸಿನ ಹಾರ್ನ್ ಕೇಳಿಸಿತು. ನಾನು ಕಟ್ಟೆಯ ಮೇಲೆ ಚಹ ಕುಡಿಯುತ್ತ ಕೂತಿದ್ದೆ. ಮಗಳು ನಿದ್ದೆಗಣ್ಣಲ್ಲಿ ಎದ್ದು ಬಂದು ನನ್ನನ್ನು ನೋಡಿದಳು, ಗೂಟದಲ್ಲಿ ತೂಗುತ್ತಿದ್ದ ನನ್ನ ಚೀಲ ನೋಡಿದಳು, ಗಾಬರಿಯಿಂದ ನನ್ನ ತೋಳು ಜಗ್ಗಿದಳು.

“ಅಪ್ಪಾ, ನಿನ್ನ ಬಸ್ ಹೋತು!”