ಬೋರ್ಡಿನ ಮರಳು, ನೀರಿನ ಮರಳ

ಹೊಸ ಕೆರೆಗೆ ಹೋದಾಗ ಮೊದಲು ಗಾಳ ಬಿಚ್ಚಬಾರದು, ಕಣ್ಣು ಬಿಚ್ಚಬೇಕು. ಅಪ್ಪ ಕಲಿಸಿದ್ದು ಇದೊಂದೇ. ಉಳಿದದ್ದನ್ನೆಲ್ಲ ನಾನು ಬೈಸಿಕೊಂಡು ಕಲಿತೆ. ಹೆಣ್ಣುಮಗಳು ಗಾಳ ಹಿಡಿದು ದಂಡೆಯ ಮೇಲೆ ಕೂತರೆ ಬೈಯಲು ಊರಿಗೆ ಊರೇ ಪುರುಸೊತ್ತು ಮಾಡಿಕೊಳ್ಳುತ್ತದೆ. ಬೈಯಲಿ. ನಮ್ಮ ರಾಯಬಾಗದಲ್ಲಿ ಬೈದು ಬೈದು ದಣಿದು ಈಗ ಸುಮ್ಮನಾಗಿದ್ದಾರೆ.

ಹೋದ ವರ್ಷ ಕಾಗವಾಡದ ಹತ್ತಿರದ ಹಳ್ಳಿಯಲ್ಲಿರುವ ತಂಗಿಯ ಮನೆಗೆ ಹೋದೆ. ಮಿರಜಿನಲ್ಲಿ ಗರ್ಭಚೀಲದ ಆಪರೇಷನ್ ಮಾಡಿಸಿಕೊಂಡು ಬಂದವಳು ಊಟವನ್ನೇ ಬಿಟ್ಟಿದ್ದಳು. ಗಂಜಿ ಕೊಟ್ಟರೆ ಗೋಡೆಯ ಕಡೆ ಹೊರಳುತ್ತಿದ್ದಳು. ಕೈ ಎತ್ತಿ ಹಿಡಿದರೆ ಬಳೆ ಮೊಣಕೈವರೆಗೂ ಜಾರಿದವು. ಹೀಗೇ ಬಿಟ್ಟರೆ ಇವಳು ಉಳಿಯುವುದಿಲ್ಲ ಅನ್ನಿಸಿತು.

"ಏನ ತಿಂತಿ ಹೇಳ, ತರ್ತೀನಿ," ಅಂದೆ.

"ಅಪ್ಪ ತರ್ತಿದ್ದ ನೋಡ, ಮರಳ. ಅದರ ಸಾರಾದ್ರ ಒಂದ ತುತ್ತ ಉಂಡೇನು."

ಮರಳ ಅಂದರೆ ಬೇರೆ ಕಡೆಯವರು ಕೊರವ ಅನ್ನುವ ಮೀನು. ಹೆಸರನ್ನು ಮರಾಠಿಯವರಿಂದ ಇಸಿದುಕೊಂಡೆವು, ಇನ್ನೂ ವಾಪಸು ಕೊಟ್ಟಿಲ್ಲ.

ಬೆಳಿಗ್ಗೆದ್ದು ಆ ಊರಿನ ಕೆರೆಗೆ ಹೋದೆ. ಕಂಡರಿಯದ ನೀರು. ಇಂಥಲ್ಲಿ ಕಟ್ಟೆಯ ಮೇಲೆ ಕೂತ ಗಂಡಸರನ್ನು ಕೇಳಬಾರದು. ಗೇಣುದ್ದದ ಮೀನನ್ನು ಮಾರುದ್ದ ಮಾಡಿ ಹೇಳುತ್ತಾರೆ, ಜಾಗ ಮಾತ್ರ ಹೇಳುವುದಿಲ್ಲ. ಅರಿವೆ ಒಗೆಯುವ ಹೆಣ್ಣುಮಕ್ಕಳನ್ನು ಕೇಳಬೇಕು. ಅಲ್ಲಿದ್ದ ಒಬ್ಬಳು ಸೋಪಿನ ಕೈಯನ್ನೇ ಜೊಂಡಿನ ಕಡೆ ಚಾಚಿ, "ಅಲ್ಲಿ ಗುಳಕ್ ಗುಳಕ್ ಅಂತೈತ್ರಿ," ಅಂದಳು. ಅಷ್ಟು ಸಾಕು. ಮರಳ ಎಲ್ಲೇ ಅಡಗಿದರೂ ಉಸಿರಿಗೆ ಮೇಲೆ ಬರಲೇಬೇಕು.

ನೆರಳು ನೀರಿಗೆ ಬೀಳದ ಹಾಗೆ ಕೂತೆ. ಗಾಳಕ್ಕೆ ಕಟ್ಟಿದ ರಬ್ಬರ್ ಕಪ್ಪೆಯನ್ನು ಗುಳುಕಿದ ಜಾಗದಿಂದ ಆಚೆ ಎಸೆದು, ಈಚೆಗೆ ನಿಲ್ಲಿಸಿ ನಿಲ್ಲಿಸಿ ಎಳೆದೆ. ಕಚ್ಚಿದ ಕೂಡಲೇ ಜಗ್ಗಿದರೆ ಬರೀ ಕಪ್ಪೆ ಬರುತ್ತದೆ. ಒಂದು ಉಸಿರು ತಡೆಯಬೇಕು. ತಡೆದೆ. ಜಗ್ಗಿದೆ. ಬಂತು ನೋಡಿ, ಕಪ್ಪಗೆ, ಮೊಳಕೈ ದಪ್ಪದ್ದು!

ಮೀನು ಚೀಲಕ್ಕೆ ಹಾಕುವಷ್ಟರಲ್ಲಿ ಬಿಳಿ ಟೋಪಿಯ ಹಿರಿಯನೊಬ್ಬ ಓಡಿಬಂದ.

"ಏ ಬಾಯಿ! ಬಿಡ ಅದನ್ನ ನೀರಿಗೆ. ಬೋರ್ಡ್ ಕಾಣಂಗಿಲ್ಲೇನು?"

ಬೇವಿನ ಮರಕ್ಕೆ ತಗಡಿನ ಬೋರ್ಡು ಹೊಡೆದಿದ್ದರು: ಕೆರೆಯಲ್ಲಿ ಮರಳು ತೆಗೆಯಬಾರದು. ನನಗೆ ಮೊದಲು ನಗು ಬಂತು, ಆಮೇಲೆ ಸಿಟ್ಟು. ನಮ್ಮ ಕಡೆ ಮರಳಿಗೆ ಉಸುಕು ಅನ್ನುತ್ತೇವೆ. ಯಾರೋ ಬೆಂಗಳೂರಿನ ಕನ್ನಡದಲ್ಲಿ ಉಸುಕಿನ ಟ್ರ್ಯಾಕ್ಟರಿಗೆ ಬರೆದದ್ದನ್ನು ಈ ಊರು ಮೀನಿಗೆ ಹಚ್ಚಿಕೊಂಡಿತ್ತು.

"ಅದು ಉಸುಕ್ರಿ ಕಾಕಾ, ಮೀನಲ್ಲ."

"ನಮಗ ಕನ್ನಡ ಕಲಸಾಕ ಬಂದೀಯೇನ? ಹೊರಗಿನಾಕಿ ನೀ!"

"ಊರಿಗೆ ಬಂದಾಕಿ ನೀರಿಗೆ ಬರದ ಇರ್ತಾಳೇನ್ರಿ?"

ಅವನು ಚೀಲಕ್ಕೆ ಕೈ ಹಾಕಿದ. ನಾನು ಬಿಡಲಿಲ್ಲ. ಅವನು ಜಗ್ಗಿದ, ನಾನೂ ಜಗ್ಗಿದೆ. ಜಾರಿದ ಆ ಬಳೆಗಳು ನೆನಪಾಗಿ ಮೈಯೆಲ್ಲ ಉರಿಯಿತು.

"ಕೈ ತಗೀರಿ! ಮನ್ಯಾಗ ನನ್ನ ತಂಗಿ ಅನ್ನಾ ಬಿಟ್ಟ ಮಲಗ್ಯಾಳ. ಪೊಲೀಸರನ್ನ ಕರೀತೀರಿ? ಕರೀರಿ, ಅವರ ಓದಲಿ ಬೋರ್ಡ್. ನಿಮಗ ಬೋರ್ಡಿನ ಮರಳು ಬೇಕಲ್ಲ? ತಗೋರಿ!"

ಒಂದು ಕೈಯಲ್ಲಿ ಚೀಲ ಹಿಡಿದುಕೊಂಡೇ ಕಾಲಿನ ಚಪ್ಪಲಿ ಕಿತ್ತು, ಅದರೊಳಗಿದ್ದ ಉಸುಕನ್ನು ಅವನ ಮುಂದೆ ಝಾಡಿಸಿದೆ. "ನಿಮ್ಮ ಕೆರಿದು ಒಂದ ಕಾಳ ಉಸುಕಾನೂ ಒಯ್ಯಂಗಿಲ್ಲ."

ಒಗೆಯುತ್ತಿದ್ದವಳು ಎದ್ದು ನಿಂತಳು. "ಅಯ್ಯ ಶಿವನ! ಹಂಗಾರ ಇಷ್ಟ ದಿನಾ ನಾವು ಸುಮ್ಸುಮ್ನ ಬಾಯಿ ಕಟ್ಟಿದ್ವೇನ?" ಅಂತ ಅವನನ್ನೇ ದಬಾಯಿಸಿದಳು. ಅವನು ಬೋರ್ಡಿನ ಕಡೆ ತಿರುಗಿ ನೋಡಿ ಹಿಡಿತ ಸಡಿಲಿಸಿದ. ಚೀಲ ನನ್ನ ಕೈಗೆ ಬಂತು.

ಮಧ್ಯಾಹ್ನ ತಂಗಿ ಗೋಡೆಗೆ ಆತು ಕೂತು ಸಾರಿನಲ್ಲಿ ಅನ್ನ ಕಲಸಿದಳು. ಬೋರ್ಡಿನ ಕಥೆ ಹೇಳಿದೆ. "ನಗಸಬ್ಯಾಡ, ಹೊಲಿಗಿ ಬಿಚ್ಚತಾವ," ಅಂತ ಹೊಟ್ಟೆ ಹಿಡಿದುಕೊಂಡೇ ನಕ್ಕಳು. ನನಗೆ ಅಳು ಬಂತು. ತಪ್ಪನ್ನು ಸಾರಿನ ಖಾರದ ಮೇಲೆ ಹಾಕಿದೆ. ಅವಳು ಖಾಲಿ ತಾಟು ಮುಂದೆ ತಳ್ಳಿದಳು.

"ಇನ್ನೊಂದ ಸವಟ ಸಾರ ಹಾಕ. ನಾ ಎದ್ದ ಅಡ್ಡ್ಯಾಡೂಹಂಗ ಆಗ್ಲಿ, ಇಬ್ರೂ ಹೋಗೂಣು. ಯಾವ ಬೋರ್ಡ್ ಹಾಕ್ತಾರ ನೋಡೂಣು."