ತಿರುಪಿನ ಕ್ಯಾಮರಾದ ಎಡಗಡೆ

ನಮ್ಮ ಮಗೂಗೆ ಕಣ್ಣು ಕಾಣ್ತದೆ! ಮೊದಲು ಇದನ್ನ ಹೇಳಿಬಿಡ್ತೀನಿ, ಮಿಕ್ಕಿದ್ದು ಆಮೇಲೆ. ಬೆಳಿಗ್ಗೆಯಿಂದ ಮದ್ದೂರಿನ ನಮ್ಮ ಬೀದೀಲಿ ಸಿಕ್ಕಿದವರಿಗೆಲ್ಲ ಹೇಳಿದೀನಿ, ಹಾಲಿನವನನ್ನ ವಾಪಸ್ ಕರೆದು ಇನ್ನೊಂದು ಸಲ ಹೇಳಿದೀನಿ. ನಿಮಗೂ ಹೇಳದಿದ್ದರೆ ಹೊಟ್ಟೆ ಉಬ್ಬಿಹೋಗ್ತದೆ.

ಮಗು ಅಂದರೆ ನನ್ನ ಮಗ ಶಿವಣ್ಣನ ಮಗಳು. ಹುಟ್ಟುವಾಗಲೇ ಎರಡೂ ಕಣ್ಣಿಗೆ ಪೊರೆ. ಮಂಡ್ಯದಲ್ಲಿ ಆಪರೇಷನ್ ಮಾಡಿ ತೆಗೆದರು, ದಪ್ಪ ಗಾಜಿನ ಪುಟಾಣಿ ಕನ್ನಡಕ ಹಾಕಿ ತಲೆಗೆ ಎಲಾಸ್ಟಿಕ್ ಪಟ್ಟಿ ಕಟ್ಟಿದರು. "ಕಣ್ಣಿಗೆ ಇನ್ನು ಅಡ್ಡಿ ಇಲ್ಲ. ಆದರೆ ನೋಡೋದನ್ನ ಅದು ಕಲೀಬೇಕು. ಕಲೀತದೋ ಇಲ್ವೋ ಈಗಲೇ ಹೇಳಕ್ಕಾಗಲ್ಲ" ಅಂದರು ಡಾಕ್ಟರಮ್ಮ. ಅವತ್ತಿಂದ ಸೊಸೆ ಲಕ್ಷ್ಮಿ ಅದರ ಮುಂದೆ ಕೆಂಪು ಬಟ್ಟೆ ಆಡಿಸಿದ್ದೇ ಆಡಿಸಿದ್ದು. ಮಗು ಗೋಡೆ ನೋಡಿದ ಹಾಗೆ ನಮ್ಮನ್ನ ನೋಡ್ತಿತ್ತು.

ಇವತ್ತು ಬೆಳಿಗ್ಗೆ ಎದ್ದವನೇ ಅಟ್ಟದಿಂದ ಹಳೇ ಪೆಟ್ಟಿಗೆ ಇಳಿಸಿದೆ. ಮುಚ್ಚಳ ತೆಗೆದರೆ ತೊಗಲು, ನುಸಿಗುಳಿಗೆ ಕೂಡಿದ ವಾಸನೆ. ಒಂದು ಕಾಲದಲ್ಲಿ ಬಸ್ ಸ್ಟ್ಯಾಂಡ್ ಹಿಂದೆ ನನ್ನದೊಂದು ಫೋಟೋ ಸ್ಟುಡಿಯೋ ಇತ್ತು. ಅಲ್ಲಿದ್ದ ಎರಡು ಕ್ಯಾಮರಾ ಈ ಪೆಟ್ಟಿಗೇಲಿದ್ದವು, ಎರಡೂ ಜೋಡಿಕಣ್ಣಿನವು. ಮೇಲಿನ ಕಣ್ಣಲ್ಲಿ ನಾವು ನೋಡೋದು, ಕೆಳಗಿನ ಕಣ್ಣಲ್ಲಿ ಅದು ಫೋಟೋ ತೆಗೆಯೋದು.

ನೋಡೋಕೆ ಅಣ್ಣತಮ್ಮ, ಕೈಗೆ ತಗೊಂಡರೆ ಬೇರೆ ಬೇರೆ ಜಾತಕ. ಒಂದು ಹಿಡಿಕೆಯದು, ಇನ್ನೊಂದು ತಿರುಪಿನದು. ಹಿಡಿಕೆಯದು ಸಾಧು. ಪಕ್ಕದ ಹಿಡಿಕೆ ಒಂದು ಸುತ್ತು ತಿರುವಿದರೆ ಫಿಲಂ ಮುಂದಕ್ಕೆ ಹೋಗೋದು, ಷಟರೂ ತಾನೇ ಬಿಗಿಯಾಗೋದು. ಮೇಲಿಂದ ಬಗ್ಗಿ ನೋಡೋ ಗಾಜು ಬೆಳ್ಳಗೆ, ಮೂಲೆ ಮೂಲೆಯೂ ಕಾಣೋದು. ತಿರುಪಿನದು ಮೊಂಡು. ಫಿಲಂಗೊಂದು ತಿರುಪು, ಷಟರಿಗೆ ಬೇರೆ ಕಡ್ಡಿ, ನಂಬರು ಬಂತಾ ಅಂತ ಬೆನ್ನಿನ ಕೆಂಪು ಕಿಂಡಿ ಬೇರೆ ಇಣುಕಬೇಕು. ಎರಡು ಕಣ್ಣಿನ ಸುತ್ತ ಗಡಿಯಾರದ ಚಕ್ರದಂಗೆ ಹಲ್ಲು, ಒಂದನ್ನ ತಿರುಗಿಸಿದರೆ ಇನ್ನೊಂದೂ ತಿರುಗ್ತದೆ. ಗಾಜೋ, ಮಧ್ಯೆ ಮಾತ್ರ ಬೆಳಕು, ಸುತ್ತ ಕತ್ತಲು. ಬಾವಿ ಇಣುಕಿದಂಗೆ.

ಎರಡರಲ್ಲೂ ತೆಗೆಯೋನು ತಲೆ ತಗ್ಗಿಸಿ ಹೊಟ್ಟೆ ಹತ್ರ ನೋಡಬೇಕು. ಎದುರು ಕೂತ ಮಗೂಗೆ ನನ್ನ ಬೋಳುತಲೆ ಬಿಟ್ಟರೆ ಇನ್ನೇನೂ ಕಾಣ್ತಿರಲಿಲ್ಲ. ಅದಕ್ಕೇ ನನ್ನ ಹೆಂಡತಿ ಜಯಮ್ಮ ನನ್ನ ಎಡಗಡೆ ನಿಂತು ಬೀಗದಕೈ ಗೊಂಚಲು ಆಡಿಸೋಳು. "ಲೇ ಮುದ್ದೆ ಮೂತಿ, ಇಲ್ನೋಡ್ಲಾ!" ಅಂತ ಮಗೂಗೆ. "ನೀನು ತಲೆ ಬಗ್ಗಿಸ್ಕೊಂಡಿರು, ಲೋಕ ನಾನು ನೋಡ್ಕತೀನಿ" ಅಂತ ನನಗೆ.

ಆ ಗಾಜಿನಲ್ಲಿ ಎಡ ಬಲ ಅದಲು ಬದಲು. ಹೊಸದರಲ್ಲಿ ನಾನು ಗಾಜು ನಂಬಿ "ಬಲಕ್ಕೆ ಸರಿಯಮ್ಮ, ಇನ್ನೂ ಬಲಕ್ಕೆ" ಅಂತ ಮದುವಣಗಿತ್ತಿಯನ್ನ ಗಂಡಿನಿಂದ ದೂರ ದೂರ ಕಳಿಸಿ ಬೀಗರ ಕೈಲಿ ಬೈಸ್ಕೊಂಡಿದ್ದೆ. ಜಯಮ್ಮನ ಕಡೆ ಮಗು ನೋಡಿದರೆ ಗಾಜಲ್ಲಿ ಕಣ್ಣು ಬಲಕ್ಕೆ ಹೊರಳೋದು. ಹೊರಳಿದ ಕೂಡಲೇ ಒತ್ತೋದು. ಮದ್ದೂರು, ಮಳವಳ್ಳಿ ಕಡೆ ಎಷ್ಟೋ ಮನೆ ಗೋಡೆ ಮೇಲೆ ನಾನು ತೆಗೆದ ಮಕ್ಕಳು ಇವತ್ತಿಗೂ ನಿಮ್ಮನ್ನ ನೋಡಲ್ಲ. ನಿಮ್ಮ ಎಡಗಡೆ ಯಾರನ್ನೋ ನೋಡ್ತವೆ.

ಜಯಮ್ಮ ತೀರಿಕೊಂಡ ಮೇಲೆ ಮಳವಳ್ಳಿಯವರು ಒಂದು ಮಗು ಕರ್ಕೊಂಡು ಬಂದರು. ತಿರುಪಿನದರ ಬಾವಿ ಇಣುಕಿದೆ. ಯಾರೂ ಕರೀಲಿಲ್ಲ, ಗೊಂಚಲು ಮೊಳೇಲಿ ತೂಗ್ತಿತ್ತು. ಮಗೂನ ಕಣ್ಣು ಬಲಕ್ಕೆ ಹೊರಳಿತು, ಕಿಲಕಿಲ ನಕ್ಕಿತು. "ಅದ್ಯಾರ್ನ ನೋಡಿ ನಗ್ತದೆ ಸಾಮಿ?" ಅಂದಳು ಅದರಮ್ಮ. ನಾನು ತಲೆ ಎತ್ತಲಿಲ್ಲ. ಆಮೇಲೆ ಸ್ಟುಡಿಯೋ ಮುಚ್ಚಿದೆ. ಕೇಳಿದವರಿಗೆ "ಮೊಬೈಲ್ ಬಂತು ಕಣಪ್ಪ" ಅಂದೆ. ಅದೂ ಸುಳ್ಳಲ್ಲ ಬುಡಿ.

ಇವತ್ತು ಮಗು ಬಾಗಿಲ ಬೆಳಕಲ್ಲಿ ದಿಂಬಿಗೆ ಒರಗಿತ್ತು. ಹಿಡಿಕೆಯದರ ಗಾಜಿಗೆ ಬೂಸ್ಟು ಹಿಡಿದಿತ್ತು. ತಿರುಪಿನದನ್ನೇ ಕೊರಳಿಗೆ ಹಾಕ್ಕೊಂಡೆ, ಫಿಲಂ ಇಲ್ಲದೆ, ಸುಮ್ಮನೆ. ಹಲ್ಲು ತಿರುಗಿಸಿದೆ. ಕತ್ತಲ ನಡುವಿಂದ ಪುಟಾಣಿ ಕನ್ನಡಕ ಮೇಲೆದ್ದು ಬಂತು. ಅದರೊಳಗೆ ಕಣ್ಣು ಅಲ್ಲಾಡದೆ ಇತ್ತು. ಆಮೇಲೆ ಮೆಲ್ಲಗೆ ಬಲಕ್ಕೆ ಹೊರಳಿತು. ನಿಂತಿತು. ಯಾರೋ ಏನೋ ಆಡಿಸಿದ ಹಾಗೆ ಮೇಲಕ್ಕೆ ಹೋಯಿತು, ಕೆಳಕ್ಕೆ ಬಂತು. ಮನೇಲಿ ಒಂದು ಸದ್ದಿಲ್ಲ. ನನ್ನ ಎಡತೋಳಿನ ಕೂದಲು ಮಾತ್ರ ನೆಟ್ಟಗೆ ನಿಂತವು.

ಈ ಸಲ ತಲೆ ಎತ್ತಿದೆ. ಎಡಗಡೆ ಸುಣ್ಣದ ಗೋಡೆ, ಅಷ್ಟೇ.

"ಲಕ್ಷ್ಮೀ!" ಅಂತ ಕೂಗಿದೆ. ಹಿಟ್ಟಿನ ಕೈಯಲ್ಲೇ ಓಡಿಬಂದಳು.

"ಏನ್ ಮಾವ, ಬಿದ್ರಾ?"

"ಮಾತಾಡ್ಬೇಡ, ಆ ಚೊಂಬು ಆಡ್ಸಮ್ಮ!"

ಚೊಂಬು ಅತ್ತ ಹೋಯಿತು, ಕಣ್ಣೂ ಹೋಯಿತು. ಇತ್ತ ಬಂತು, ಕಣ್ಣೂ ಬಂತು. ಲಕ್ಷ್ಮಿ ಮಗೂ ಮುಂದೆ ಕೂತು ಅತ್ತಳು. ಅಮ್ಮನ ಅಳೋ ಮುಖಾನ ಮಗು ನೆಟ್ಟ ಕಣ್ಣಲ್ಲಿ ನೋಡಿ ನಕ್ಕಿತು.

ಸಾಯಂಕಾಲ ನಾಟಿಕೋಳಿ ಸಾರು, ಮುದ್ದೆ. ಲಕ್ಷ್ಮಿ ತವರು ಹೊಳಲಿನಿಂದ ಬೀಗರೂ ಬಂದರು. ಎಲ್ಲರೂ ಸಾಲಾಗಿ ಉಣ್ಣೋಕೆ ಕೂತೆವು, ಎದುರಿಗೆ ಬೀಗಿತಿಯ ತೊಡೆ ಮೇಲೆ ಮಗು. ತುತ್ತು ತಟ್ಟೆಯಿಂದ ಬಾಯಿಗೆ ಹೋದರೆ ಅದರ ಕಣ್ಣೂ ಜೊತೇಲೇ ಏರೋದು.

"ನೋಡ್ರಪ್ಪ, ಎಲ್ಲರ ತುತ್ತೂ ಲೆಕ್ಕ ಹಾಕ್ತಾವಳೆ!" ಅಂದ ಶಿವಣ್ಣ. ನಕ್ಕು ನಕ್ಕು ಎಲ್ಲರಿಗೂ ನೆತ್ತಿಗೇರಿತು.

ಮಗು ಒಬ್ಬೊಬ್ಬರನ್ನೇ ನೋಡ್ತಾ ಬಂತು. ಸಾಲಿನ ಕೊನೆಗೆ ಕೂತ ನನ್ನನ್ನೂ ನೋಡಿತು. ಆಮೇಲೆ ನನಗೂ ಗೋಡೆಗೂ ನಡುವೆ, ನನ್ನ ಎಡಗಡೆ, ಅದರ ಕಣ್ಣು ನೆಲದಿಂದ ಮೆಲ್ಲಗೆ ಮೇಲಕ್ಕೆ ಏರಿತು. ಇಳಿಯಿತು. ಮತ್ತೆ ಏರಿತು.

ನಾನು ತಟ್ಟೆ ಎತ್ತಿಕೊಂಡು ಒಂಚೂರು ಬಲಕ್ಕೆ ಜರುಗಿದೆ.

"ಯಾಕಪ್ಪ, ಜಾಗ ಸಾಲ್ದಾ?" ಅಂದ ಶಿವಣ್ಣ.

"ಈಗ ಸಾಲ್ತದೆ ಕಣ್ಲಾ," ಅಂದೆ. "ನೀನು ಉಣ್ಣು."